ಕಡೆಯವರಿಲ್ಲದ ವಾರ್ಡು

ಬೆಳಗ್ಗೆ ರೌಂಡ್ಸ್ ಶುರುವಾಗುವ ಮುಂಚೆ ನಮ್ಮ ವಾರ್ಡನ್ನು ಖಾಲಿ ಮಾಡಿಸುತ್ತಾರೆ. ಸೆಕ್ಯುರಿಟಿಯವರು ಬಂದು ‘ಪೇಷಂಟ್ ಕಡೆಯವರೆಲ್ಲ ಆಚೆ ನಡೀರಿ, ದೊಡ್ಡ ಡಾಕ್ಟ್ರು ಬರ್ತಾರೆ’ ಅಂತ ಕೂಗುತ್ತಾರೆ. ಮಂಚದ ಕೆಳಗಿನ ಚಾಪೆ ಸುತ್ತಿ, ಫ್ಲಾಸ್ಕು ಎತ್ತಿಕೊಂಡು, ಅರ್ಧ ತಿಂದ ಇಡ್ಲಿ ಪೊಟ್ಟಣವನ್ನು ಸೆರಗಿನಡಿ ಹಿಡಿದುಕೊಂಡು ಎಲ್ಲರೂ ಕಾರಿಡಾರಿಗೆ ಹೋಗುತ್ತಾರೆ. ಐದೇ ನಿಮಿಷದಲ್ಲಿ ವಾರ್ಡು ಚೊಕ್ಕ. ಮಂಚ, ರೋಗಿ, ಡ್ರಿಪ್ ಸ್ಟ್ಯಾಂಡು, ಕೇಸ್ ಶೀಟು, ಅಷ್ಟೇ. ರೌಂಡ್ಸ್ ಮಾಡುವವರಿಗೆ ಅನುಕೂಲ, ನಿಜ. ಆದರೆ ಆ ಖಾಲಿ ವಾರ್ಡು ನೋಡಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಅಂಥದೇ ಚೊಕ್ಕ ವಾರ್ಡಿನಲ್ಲಿ ನಾನು 2021ರ ಏಪ್ರಿಲ್, ಮೇ ಕಳೆದೆ. ಆಗಷ್ಟೇ ಇಂಟರ್ನ್‌ಶಿಪ್ ಮುಗಿಯುತ್ತಾ ಬಂದಿತ್ತು. ಎಂಬಿಬಿಎಸ್ ಆದವರು ಸ್ನಾತಕೋತ್ತರ ಸೀಟಿಗೆ ಬರೆಯುವ ನೀಟ್ ಪಿಜಿ ಪರೀಕ್ಷೆ ಏಪ್ರಿಲ್ 18ಕ್ಕಿತ್ತು, ಅದನ್ನು ಮೂರು ದಿನ ಮುಂಚೆ ಮುಂದಕ್ಕೆ ಹಾಕಿದರು. ಕೊನೆಗೆ ಅದು ನಡೆದದ್ದು ಸೆಪ್ಟೆಂಬರ್ 11ಕ್ಕೆ. ಹೊಸ ಪಿಜಿ ಬ್ಯಾಚು ಬರಬೇಕಿದ್ದ ಜಾಗ ಖಾಲಿಯೇ ಉಳಿಯಿತು. ಪರೀಕ್ಷೆಗೆ ಓದುತ್ತಿದ್ದ ಪುಸ್ತಕಗಳು ಹಾಸ್ಟೆಲಿನ ಕಪಾಟು ಸೇರಿದವು, ನಾವು ಕೋವಿಡ್ ವಾರ್ಡು ಸೇರಿದೆವು. ಆ ದಿನಗಳ ಬಗ್ಗೆ ಯಾರಾದರೂ ಕೇಳಿದರೆ ಪಿಪಿಇ ಕಿಟ್ಟಿನ ಬೆವರು, ಮಂಜು ಕಟ್ಟಿದ ಗಾಗಲ್ಸು, ಬೆಡ್ ಸಿಗದೆ ಗೇಟಿನಲ್ಲಿ ನಿಂತ ಆಂಬುಲೆನ್ಸು ಇವುಗಳ ಬಗ್ಗೆಯೇ ಕೇಳುತ್ತಾರೆ. ಎಲ್ಲವೂ ಇತ್ತು. ಆದರೆ ನನ್ನನ್ನು ಇವತ್ತಿಗೂ ಬಿಡದೆ ಕಾಡುವವರು ಗೇಟಿನ ಆಚೆ ನಿಂತಿದ್ದ ಜನ. ಕೈಯಲ್ಲಿ ಊಟದ ಚೀಲ, ಕಣ್ಣು ಮೂರನೇ ಮಹಡಿಯ ಕಿಟಕಿಗಳ ಮೇಲೆ. ಅವರನ್ನು ಒಳಗೆ ಬಿಡದೆ ನಾವು ಆಸ್ಪತ್ರೆಯ ಅರ್ಧದಷ್ಟು ಕೈಗಳನ್ನೇ ಹೊರಗೆ ನಿಲ್ಲಿಸಿದ್ದೆವು. ಅದರಿಂದ ಜೀವಗಳು ಹೋದವು ಅಂತಲೇ ನಾನು ನಂಬಿದ್ದೇನೆ. ಯಾಕೆ ಹಾಗನ್ನಿಸುತ್ತದೆ ಅಂತ ಬರೆಯಬೇಕು ಅಂದುಕೊಂಡು ಬಹಳ ದಿನ ಆಯಿತು.

ಕೇಸ್ ಶೀಟಿನಲ್ಲಿ ಬರೆಯದ ಕೆಲಸ

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ರಾತ್ರಿ ಕಳೆದವರಿಗೂ ಇದು ಗೊತ್ತು. ಟ್ರಾಲಿ ತಳ್ಳುವವರು ಕಡೆಯವರು. ರಕ್ತದ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಓಡುವವರು, ಸಂಜೆ ರಿಪೋರ್ಟಿಗೆ ಕ್ಯೂ ನಿಲ್ಲುವವರು ಅವರೇ. ಬ್ಲಡ್ ಬೇಕೆಂದರೆ ಊರಿನ ಹುಡುಗರನ್ನು ಕರೆಸುತ್ತಾರೆ. ಬೆಡ್‌ಪ್ಯಾನ್ ಇಡುತ್ತಾರೆ, ಮೈ ಒರೆಸುತ್ತಾರೆ, ಮಗ್ಗುಲು ಬದಲಿಸುತ್ತಾರೆ, ‘ಸಿಸ್ಟರ್, ಡ್ರಿಪ್ ಮುಗೀತು’ ಅಂತ ಕೂಗಿ ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿದೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ರೂಮಿನ ಬಾಗಿಲು ಬಡಿದು ‘ಇವ್ರು ಯಾಕೋ ಒಂಥರಾ ಮಾಡ್ತಿದ್ದಾರೆ ಡಾಕ್ಟ್ರೇ, ಸ್ವಲ್ಪ ಬಂದು ನೋಡಿ’ ಅನ್ನುವುದು. ಮಾನಿಟರ್ ಇಲ್ಲದ ಜನರಲ್ ವಾರ್ಡಿನಲ್ಲಿ ಆ ಒಂದು ಮಾತಿನಿಂದ ಉಳಿದ ಜೀವಗಳು ಬೇಕಾದಷ್ಟು.

ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅನ್ನುವುದು ಭಾರತೀಯ ನರ್ಸಿಂಗ್ ಕೌನ್ಸಿಲಿನ ಲೆಕ್ಕ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರು ಸಿಸ್ಟರ್ ಇದ್ದರೆ ಪುಣ್ಯ ಅಂತ ನಾವೆಲ್ಲ ಅಂದುಕೊಂಡದ್ದಿದೆ. ನಡುವೆ ಉಳಿಯುವ ಆ ದೊಡ್ಡ ಅಂತರವನ್ನು ತುಂಬುವವರು ಮಂಚದ ಕೆಳಗೆ ಚಾಪೆ ಹಾಸಿ ಮಲಗಿದ ಹೆಂಡತಿ, ಮಗಳು, ಸೊಸೆ, ತಮ್ಮ. ಸಂಬಳವಿಲ್ಲ, ಮಲಗಲು ಜಾಗವಿಲ್ಲ, ಒಳ್ಳೆ ಮಾತೂ ಇಲ್ಲ. ನಾಲ್ಕೂವರೆ ವರ್ಷದ ಎಂಬಿಬಿಎಸ್ ಓದಿನಲ್ಲಿ ಇವರ ಬಗ್ಗೆ ಒಂದು ಪುಟವನ್ನೂ ನಾನು ಓದಿಲ್ಲ.

2020ರಲ್ಲಿ ಅವರನ್ನು ಹೊರಗೆ ನಿಲ್ಲಿಸಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಲಸಿಕೆ ಇರಲಿಲ್ಲ. ರೋಗ ಹೇಗೆ ಹರಡುತ್ತದೆ ಅನ್ನುವುದೇ ಪೂರ್ತಿ ತಿಳಿದಿರಲಿಲ್ಲ. ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ಆಗಿತ್ತು, ಎಲ್ಲರಿಗೂ ಭಯ. ಆಗ ಪಾಸಿಟಿವ್ ಬಂದವರನ್ನೆಲ್ಲ ಅಡ್ಮಿಟ್ ಮಾಡಿಕೊಳ್ಳುತ್ತಿದ್ದೆವು. ಕೆಮ್ಮೂ ಇಲ್ಲದ, ಜ್ವರವೂ ಇಲ್ಲದ ಎಷ್ಟೋ ಜನ ವಾರ್ಡಿನಲ್ಲಿ ವಾಕಿಂಗ್ ಮಾಡಿಕೊಂಡು, ಟಿವಿಯಲ್ಲಿ ತಮ್ಮದೇ ಪಿ ನಂಬರ್ (ಸರ್ಕಾರ ಸೋಂಕಿತರಿಗೆ ಕೊಡುತ್ತಿದ್ದ ಕ್ರಮಸಂಖ್ಯೆ) ಬಂತಾ ಅಂತ ನೋಡಿಕೊಂಡು ಇದ್ದರು. ಅವರಿಗೆ ನೀರು ಕುಡಿಸುವವರು ಬೇಕಿರಲಿಲ್ಲ. ಹಾಗಾಗಿ ಕಡೆಯವರಿಲ್ಲದ ವಾರ್ಡು ಹೇಗಿರುತ್ತದೆ ಅನ್ನುವುದು ಆಗ ನಮಗೆ ಪೂರ್ತಿ ಗೊತ್ತಾಗಲೇ ಇಲ್ಲ. ಎರಡನೇ ಅಲೆಯಲ್ಲಿ ಬಂದವರು ಹಾಗಿರಲಿಲ್ಲ. ಎದ್ದು ಕೂರಲಾಗದವರು, ಬಾಟಲಿ ಎತ್ತಲಾಗದವರು ಬಂದರು. ಕಾಯಿಲೆ ಬದಲಾಗಿತ್ತು, ಹಿಂದಿನ ವರ್ಷದ ನಿಯಮ ಮಾತ್ರ ಹಾಗೇ ಇತ್ತು.

ಒಂದು ಲೋಟ ಗಂಜಿ

ಕಿಟಕಿ ಪಕ್ಕದ ಬೆಡ್ಡಿನಲ್ಲಿ ಒಬ್ಬ ಯಜಮಾನರಿದ್ದರು. ತೆಂಗು ಬೆಳೆಯುವ ಸೀಮೆಯವರು, ಅರವತ್ತರ ಆಸುಪಾಸು, ಶುಗರ್ ಇತ್ತು. ಚೀಲದ ಮಾಸ್ಕಿನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹೋಗುತ್ತಿದ್ದರೂ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, 90ರ ಆಚೀಚೆ. ನೋಡಿದರೆ ಅಷ್ಟು ಕಷ್ಟದಲ್ಲಿರುವವರ ಹಾಗೆ ಕಾಣುತ್ತಿರಲಿಲ್ಲ. ಈ ಕಾಯಿಲೆಯ ಮೋಸವೇ ಅದು. ರಕ್ತದಲ್ಲಿ ಆಕ್ಸಿಜನ್ ಇಳಿದಿರುತ್ತದೆ, ರೋಗಿ ಮಾತಾಡಿಕೊಂಡು ಕೂತಿರುತ್ತಾರೆ. ಅವತ್ತು ರಾತ್ರಿ ಪಾಳಿಗೆ ಹೋದಾಗ ಅವರು ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಗೊತ್ತಾಯಿತು. ಊಟ ಬಂದಿತ್ತು. ಮಗಳು ಗೇಟಿನಲ್ಲಿ ಕೊಟ್ಟುಹೋದ ಸ್ಟೀಲ್ ಡಬ್ಬಿ ಲಾಕರ್ ಮೇಲೆ ಕೂತಿತ್ತು, ಮೇಲೆ ಮಾರ್ಕರ್ ಪೆನ್ನಿನಲ್ಲಿ ಅಪ್ಪನ ಹೆಸರು, ಬೆಡ್ ನಂಬರು. ಅವರ ಒಂದು ಕೈಗೆ ಡ್ರಿಪ್ಪು ಚುಚ್ಚಿತ್ತು, ಇನ್ನೊಂದು ಕೈಯಲ್ಲಿ ಶಕ್ತಿ ಇರಲಿಲ್ಲ. ಆ ಡಬ್ಬಿಯ ಬಿಗಿ ಮುಚ್ಚಳ ತೆಗೆಯುವವರು ಬೆಳಗ್ಗೆಯಿಂದ ಯಾರೂ ಸಿಕ್ಕಿರಲಿಲ್ಲ.

ಮುಚ್ಚಳ ತೆಗೆದೆ. ಮಜ್ಜಿಗೆ ಹಾಕಿದ ರಾಗಿ ಗಂಜಿ, ಸ್ವಲ್ಪ ಹುಳಿಯಾಗಿತ್ತು, ಆದರೂ ಪರವಾಗಿಲ್ಲ ಅಂದರು. ಮಾಸ್ಕನ್ನು ಗಲ್ಲದ ಕಡೆಯಿಂದ ಸ್ವಲ್ಪ ಎತ್ತಿ ಎರಡು ಚಮಚ ಬಾಯಿಗಿಟ್ಟೆ. 90 ಇದ್ದದ್ದು 86ಕ್ಕೆ ಬಂತು. ನುಂಗುವಷ್ಟರಲ್ಲಿ 82. ಮಾಸ್ಕು ಮತ್ತೆ ಒತ್ತಿ ಹಿಡಿದು, ನಿಧಾನಕ್ಕೆ ಉಸಿರು ಎಳ್ಕೊಳ್ಳಿ ಅಂತ ಹೇಳಿ, ನಂಬರು ಮೇಲೆ ಬರುವ ತನಕ ಕಾಯಬೇಕು. 85, 87, 89. ಮತ್ತೆ ಎರಡು ಚಮಚ. ಮತ್ತೆ 82. ಅವಸರ ಮಾಡಿದರೆ ಕೆಮ್ಮು ಬರುತ್ತದೆ. ಕೆಮ್ಮು ಬಂದರೆ ಗಂಜಿ ಶ್ವಾಸನಾಳಕ್ಕೆ ಇಳಿಯುತ್ತದೆ, ಮೊದಲೇ ಸೋತ ಶ್ವಾಸಕೋಶಕ್ಕೆ ಅದು ಬೇರೆ. ಒಂದು ಲೋಟ ಗಂಜಿ ಒಳಗೆ ಹೋಗಲು ಮುಕ್ಕಾಲು ಗಂಟೆ ಬೇಕು. ನನ್ನ ಹತ್ತಿರ ಮುಕ್ಕಾಲು ಗಂಟೆ ಇರಲಿಲ್ಲ. ಅದು ಅವರಿಗೂ ಗೊತ್ತಾಯಿತು. ‘ಸಾಕು ಬಿಡವ್ವ, ಆಚೆ ಬೆಡ್ನೋರು ಆಗ್ಲಿಂದ ಕೂಗ್ತಾವ್ರೆ, ಅವ್ರನ್ನ ನೋಡೋಗು’ ಅಂದರು. ಅವರ ಮಗಳು ಅಲ್ಲಿದ್ದಿದ್ದರೆ ಮುಕ್ಕಾಲು ಗಂಟೆ ಯಾಕೆ, ಇಡೀ ರಾತ್ರಿ ಚಮಚ ಹಿಡಿದು ಕೂತಿರುತ್ತಿದ್ದಳು.

ಇನ್ನು ಬಾತ್‌ರೂಮಿನ ವಿಷಯ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಬರೆಯಲೇಬೇಕು. ಯಜಮಾನರು ಬೆಡ್‌ಪ್ಯಾನ್ ಬೇಡ ಅಂದರು. ‘ಹೆಣ್ಮಗಿನ ಮುಂದೆ ಹೆಂಗವ್ವಾ, ಅಲ್ಲೇ ಐತಲ್ಲ, ಎದ್ದು ಹೋಗ್ಬತ್ತೀನಿ’ ಅಂದರು. ಆ ನಾಚಿಕೆ ನನಗೆ ಅರ್ಥವಾಗುತ್ತದೆ, ನಮ್ಮ ಅಜ್ಜನಾಗಿದ್ದರೂ ಅದನ್ನೇ ಹೇಳುತ್ತಿದ್ದರು. ಆದರೆ ಮಾಸ್ಕು ತೆಗೆದು ನಾಲ್ಕು ಹೆಜ್ಜೆ ಹಾಕಿದರೆ, ಬಾತ್‌ರೂಮಿನಲ್ಲಿ ಕೂತು ತಿಣುಕಿದರೆ, ಸ್ಯಾಚುರೇಶನ್ 60, 70ಕ್ಕೆ ಬೀಳುತ್ತದೆ. ಬಾಗಿಲು ಒಳಗಿನಿಂದ ಚಿಲಕ ಹಾಕಿರುತ್ತದೆ. ಆ ದಿನಗಳಲ್ಲಿ ಕೋವಿಡ್ ವಾರ್ಡಿನಲ್ಲಿ ಕೆಲಸ ಮಾಡಿದ ಯಾವ ಡಾಕ್ಟರನ್ನಾದರೂ, ಯಾವ ಸಿಸ್ಟರನ್ನಾದರೂ ಕೇಳಿ. ಬಾತ್‌ರೂಮಿಗೆ ಹೋದವರು ಅಲ್ಲೇ ಕುಸಿದ ಕಥೆ ಅವರೆಲ್ಲರ ಹತ್ತಿರ ಇರುತ್ತದೆ.

ಅವತ್ತು ನಮ್ಮನ್ನು ಕಾಪಾಡಿದ್ದು ಪಕ್ಕದ ಬೆಡ್ಡಿನ ಹುಡುಗ. ಟೆಂಪೋ ಓಡಿಸುವವನು. ಚೇತರಿಸಿಕೊಳ್ಳುತ್ತಿದ್ದ, 2 ಲೀಟರ್ ಆಕ್ಸಿಜನ್ ಸಾಕಾಗುತ್ತಿತ್ತು. ತನ್ನ ಟ್ಯೂಬು ಎಟುಕುವಷ್ಟು ದೂರ ಎಳೆದುಕೊಂಡು ಎದ್ದು ಬಂದು ‘ನೀವು ಹೋಗಿ ಮೇಡಂ, ನಾನ್ ನೋಡ್ಕೋತೀನಿ’ ಅಂದ. ಬೆಡ್‌ಶೀಟನ್ನು ಪರದೆಯ ಹಾಗೆ ಹಿಡಿದ, ಬೆಡ್‌ಪ್ಯಾನ್ ಇಟ್ಟ, ತೆಗೆದ. ಅವತ್ತಿಂದ ಅವನೇ ಆ ಸಾಲಿಗೆಲ್ಲ ಕಡೆಯವನಾದ. ಬಾಟಲಿಗೆ ನೀರು ತುಂಬಿದ. ಮಾಸ್ಕು ಜಾರಿದರೆ ಸರಿ ಮಾಡಿದ. ಆಕ್ಸಿಜನ್ ಏರಲಿ ಅಂತ ಬೋರಲು ಮಲಗಲು ಕಷ್ಟಪಡುತ್ತಿದ್ದವರಿಗೆ ಎದೆಯಡಿ ದಿಂಬು ಕೊಟ್ಟ. ಡಿಸ್ಚಾರ್ಜ್ ಆದ ದಿನ ಹೊರಡುವ ಮುಂಚೆ ನನ್ನನ್ನು ಕರೆದು ಒಬ್ಬೊಬ್ಬರ ಲೆಕ್ಕ ಒಪ್ಪಿಸಿದ. ಈ ಅಜ್ಜನಿಗೆ ಬಲಗಿವಿ ಕೇಳಿಸಲ್ಲ, ಎಡಗಡೆ ನಿಂತು ಮಾತಾಡಿ. ಆ ಅಣ್ಣನಿಗೆ ರಾತ್ರಿ ಹೊತ್ತು ಭಯ ಜಾಸ್ತಿ, ಲೈಟ್ ಆಫ್ ಮಾಡ್ಬೇಡಿ. ಮೂಲೇಲಿರೋರು ತಣ್ಣೀರು ಕುಡಿಯಲ್ಲ, ಅದಕ್ಕೇ ಬಾಟಲಿ ಹಾಗೇ ಇರುತ್ತೆ. ಇದರಲ್ಲಿ ಒಂದೂ ನಮ್ಮ ಕೇಸ್ ಶೀಟಿನಲ್ಲಿ ಇರಲಿಲ್ಲ. ಯಜಮಾನರು ಬದುಕಿ ಮನೆಗೆ ಹೋದರು. ಅದರಲ್ಲಿ ನನ್ನ ಪಾಲು ಎಷ್ಟು, ಆ ಹುಡುಗನ ಪಾಲು ಎಷ್ಟು ಅಂತ ಯಾರಾದರೂ ಕೇಳಿದರೆ, ನಾನು ಅವನ ಹೆಸರನ್ನೇ ಮೊದಲು ಹೇಳುತ್ತೇನೆ.

‘ಊಟ ಮಾಡಿದ್ರಾ?’

ಸಂಜೆ ಮನೆಯವರಿಗೆ ಫೋನ್ ಮಾಡಿ ಹೇಳುವ ಕೆಲಸ ನಮ್ಮಂಥ ಕಿರಿಯರದ್ದು. ಸ್ಯಾಚುರೇಶನ್ ಇಷ್ಟಿದೆ, ಆಕ್ಸಿಜನ್ ಇಷ್ಟು ಲೀಟರ್ ಹೋಗುತ್ತಿದೆ, ಸಿಟಿ ಸ್ಕೋರ್ 25ಕ್ಕೆ 18 ಬಂದಿದೆ ಅಂತ ನಾನು ಹೇಳುತ್ತಾ ಹೋಗುತ್ತಿದ್ದೆ. ಆ ಕಡೆಯಿಂದ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಬರುತ್ತಿತ್ತು. ‘ಊಟ ಮಾಡಿದ್ರಾ ಮೇಡಂ?’ ಮಾತ್ರೆ ಯಾವುದು, ರೆಮ್‌ಡಿಸಿವಿರ್ ಕೊಟ್ರಾ ಅಂತ ಕೇಳುವವರೂ ಇದ್ದರು. ಆಗ ಆ ಇಂಜೆಕ್ಷನ್ನಿಗೆ ಜನ ಊರೂರು ಅಲೆಯುತ್ತಿದ್ದರು, ಕಾಳಸಂತೆಯಲ್ಲಿ ಕೈಗೆ ಸಿಕ್ಕಷ್ಟು ದುಡ್ಡು ಸುರಿಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲೇ ಅದನ್ನು ಶಿಫಾರಸು ಮಾಡುವುದಿಲ್ಲ ಅಂದಿತ್ತು. ಆದರೂ ಫೋನ್ ಇಡುವ ಮುಂಚೆ ಎಲ್ಲರೂ ಊಟದ ಬಗ್ಗೆ ಕೇಳಿಯೇ ಇಡುತ್ತಿದ್ದರು.

ಯೋಚನೆ ಮಾಡಿದರೆ ಅದಕ್ಕಿಂತ ಸರಿಯಾದ ಪ್ರಶ್ನೆ ಇರಲಿಲ್ಲ. ಆಕ್ಸಿಜನ್ ಬೇಕಾದ ರೋಗಿಗಳಿಗೆ ನಿಜವಾಗಿ ಕೆಲಸ ಮಾಡಿದ ಔಷಧಿ ಡೆಕ್ಸಾಮೆಥಾಸೋನ್. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ, ಕೆಲವೇ ರೂಪಾಯಿಯ ಹಳೆಯ ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಬ್ರಿಟನ್ನಿನಲ್ಲಿ ನಡೆದ ‘ರಿಕವರಿ’ ಅನ್ನುವ ಔಷಧಿ ಪ್ರಯೋಗ ಅದನ್ನು ತೋರಿಸಿಕೊಟ್ಟಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು. ಆದರೆ ಸ್ಟೀರಾಯ್ಡ್ ಕೊಟ್ಟರೆ ಶುಗರ್ ಏರುತ್ತದೆ. ಏರಿದ ಶುಗರಿಗೆ ಇನ್ಸುಲಿನ್ ಕೊಡುತ್ತೇವೆ. ಇನ್ಸುಲಿನ್ ಕೊಟ್ಟ ಮೇಲೆ ರೋಗಿ ಉಣ್ಣದಿದ್ದರೆ ಶುಗರ್ ದಿಢೀರನೆ ಬೀಳುತ್ತದೆ, ಪ್ರಜ್ಞೆ ತಪ್ಪುತ್ತದೆ. ಮೊದಲೆಲ್ಲ ಸಿಸ್ಟರ್ ಇನ್ಸುಲಿನ್ ಹಿಡಿದು ಬಂದರೆ ಮಂಚದ ಪಕ್ಕದ ಹೆಂಡತಿ ‘ಇನ್ನೂ ತಿಂಡಿ ತಿಂದಿಲ್ಲ ಸಿಸ್ಟರ್’ ಅನ್ನುತ್ತಿದ್ದಳು. ಅಲ್ಲಿಗೆ ಅಪಾಯ ತಪ್ಪುತ್ತಿತ್ತು. ಈಗ ಆ ಹೆಂಡತಿ ಇಪ್ಪತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಫೋನ್ ಹಿಡಿದು ಕೂತು, ಅದೇ ಮಾತನ್ನು ನನ್ನನ್ನು ಕೇಳುತ್ತಿದ್ದಳು.

ಒಬ್ಬ ಅಜ್ಜಿ ತೀರಿಕೊಂಡ ರಾತ್ರಿ ಅವರ ಮಗಳಿಗೆ ನಾನೇ ಫೋನ್ ಮಾಡಿದೆ. ಆಕೆ ತುಂಬ ಹೊತ್ತು ಅತ್ತರು. ಆಮೇಲೆ ‘ಕೊನೇಲಿ ಬಾಯಿಗೆ ಯಾರಾದ್ರೂ ನೀರು ಬಿಟ್ರಾ?’ ಅಂತ ಕೇಳಿದರು. ನಾನು ಬಿಟ್ಟಿರಲಿಲ್ಲ. ಆದರೆ ಸಿಸ್ಟರ್ ಬಿಟ್ಟಿದ್ದರು. ಇನ್ನೇನು ಆಗುವುದಿಲ್ಲ ಅಂತ ಗೊತ್ತಾದಾಗ ಆಕೆ ಎರಡೆರಡು ಗ್ಲೌಸು ಹಾಕಿದ ಕೈಯಲ್ಲೇ ಹತ್ತಿ ಅದ್ದಿ ಅಜ್ಜಿಯ ತುಟಿಗೆ ನೀರು ಹಿಂಡಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ‘ಬಿಟ್ರು ಅಕ್ಕ, ನಮ್ಮ ಸಿಸ್ಟರ್ ಬಿಟ್ರು’ ಅಂದೆ. ‘ಅವರ ಹೊಟ್ಟೆ ತಣ್ಣಗಿರ್ಲಿ’ ಅಂದರು ಆಕೆ. ಮುಖ ತೋರಿಸುವ ವಿಷಯದಲ್ಲೂ ಹೀಗೇ. ದೇಹದ ಚೀಲದ ಜಿಪ್ಪು ಸ್ವಲ್ಪ ಸರಿಸಿ ಮನೆಯವರಿಗೆ ಮುಖ ತೋರಿಸಬಹುದು ಅಂತ ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್‌ನಲ್ಲೇ ಹೇಳಿತ್ತು. ಕಾಗದದ ಮೇಲೆ ಇದ್ದ ಅಷ್ಟು ಸಣ್ಣ ದಯೆಯೂ ಎಷ್ಟೋ ಮನೆಯವರಿಗೆ ಸಿಗಲಿಲ್ಲ. ಸುಮ್ನೆ ಭಯ, ಮತ್ತೆ ಜಿಪ್ಪು ಸರಿಸಿ ಪಕ್ಕದಲ್ಲಿ ನಿಲ್ಲಲು ಜನವಿಲ್ಲ.

(ನನಗೂ ಕೋವಿಡ್ ಬಂತು. ಲಸಿಕೆ ಎರಡೂ ಆಗಿತ್ತು, ಜೋರಾಗಲಿಲ್ಲ. ಹಾಸ್ಟೆಲಿನ ರೂಮಿನಲ್ಲಿ ಒಬ್ಬಳೇ. ಬ್ಯಾಚ್‌ಮೇಟ್ ಒಬ್ಬಳು ದಿನಾ ಬಾಗಿಲ ಹೊರಗೆ ಅನ್ನ ಸಾರು ಇಟ್ಟು, ಒಳಗಿಂದ ನಾನು ‘ತಿಂದೆ’ ಅನ್ನುವ ತನಕ ಅಲ್ಲೇ ನಿಂತಿರುತ್ತಿದ್ದಳು. ಅಮ್ಮ ದಿನಕ್ಕೆ ಐದಾರು ಸಲ ಫೋನ್ ಮಾಡುತ್ತಿದ್ದರು. ಏನು ಕೇಳುತ್ತಿದ್ದರು ಅಂತ ನಿಮಗೆ ಗೊತ್ತೇ ಇದೆ.)

ಸಿಲಿಂಡರಿನ ಮುಳ್ಳು

2020ರ ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಹಲವು ಆಸ್ಪತ್ರೆಗಳ ಮೇಲೆ ಹೂವು ಚೆಲ್ಲಿದವು. ಸರಿಯಾಗಿ ಒಂದು ವರ್ಷಕ್ಕೆ, 2021ರ ಮೇ 2 ಕಳೆದು 3 ಆಗುವ ರಾತ್ರಿಯ ಆಸುಪಾಸಿನಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡರು. ಆ ಬೆಳಗ್ಗೆ ಸುದ್ದಿ ಕೇಳಿ ನಮ್ಮ ವಾರ್ಡಿನಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ. ಎಲ್ಲರ ಕಣ್ಣೂ ಸಿಲಿಂಡರಿನ ಮುಳ್ಳಿನ ಮೇಲೆ. ದೊಡ್ಡ ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 15 ಲೀಟರ್ ಹೋದರೆ ಒಬ್ಬ ರೋಗಿಗೆ ಎಂಟು ಗಂಟೆಯೂ ಬರುವುದಿಲ್ಲ. ಪೈಪ್‌ಲೈನ್ ಇಲ್ಲದ ಕೋಣೆಗಳಲ್ಲಿ ಆ ಮುಳ್ಳು ಕೆಳಗಿಳಿಯುವುದನ್ನು ಯಾರಾದರೂ ನೋಡುತ್ತಲೇ ಇರಬೇಕು. ರೋಗಿ ತಾನೇ ತಿರುಗಿ ನೋಡಲು ಆಗುವುದಿಲ್ಲ, ಅದು ತಲೆಯ ಹಿಂದೆ ಇರುತ್ತದೆ. ಮಾಮೂಲಿ ದಿನಗಳಲ್ಲಿ ಅದನ್ನು ನೋಡಿ ಓಡಿಬರುವವರು ಯಾರು? ಕಡೆಯವರೇ.

ಹೂವು ಚೆಲ್ಲಿದ್ದರ ಬಗ್ಗೆ, ಚಪ್ಪಾಳೆ ತಟ್ಟಿದ್ದರ ಬಗ್ಗೆ ನನಗೆ ಕೋಪವಿಲ್ಲ. ನಮ್ಮ ಬೀದಿಯ ಮಕ್ಕಳು ತಟ್ಟೆ ಬಡಿದಾಗ ಅಮ್ಮ ಖುಷಿಪಟ್ಟಿದ್ದರು. ಆದರೆ ನಮ್ಮನ್ನು ಯೋಧರು ಅಂತ ಕರೆದು, ನಾಲ್ಕು ಜನ ಮಾಡುವ ಕೆಲಸವನ್ನು ಒಬ್ಬರೇ ಮಾಡುವುದನ್ನು ಶೌರ್ಯ ಅಂತ ಹೊಗಳಿದ್ದು ನನಗೆ ಒಪ್ಪಿಗೆಯಿಲ್ಲ. ಹಾಗೆ ಹೊಗಳಿದ್ದರಿಂದ ಉಳಿದ ಮೂವರು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಎರಡನೇ ಅಲೆಯಲ್ಲಿ ದೇಶದಲ್ಲಿ 700ಕ್ಕೂ ಹೆಚ್ಚು ವೈದ್ಯರು ತೀರಿಕೊಂಡರು ಅಂತ ಭಾರತೀಯ ವೈದ್ಯಕೀಯ ಸಂಘ ಲೆಕ್ಕ ಕೊಟ್ಟಿತು. ಗ್ರೂಪ್ ಡಿ ನೌಕರರು, ಆಂಬುಲೆನ್ಸ್ ಚಾಲಕರು, ಚಿತಾಗಾರದಲ್ಲಿ ಹಗಲೂ ರಾತ್ರಿ ನಿಂತವರು, ಅವರೂ ಎಷ್ಟೋ ಜನ ಹೋದರು.

ಬಾಗಿಲು ತೆರೆದ ಮೇಲೆ

ಮೇ ಮಧ್ಯದಲ್ಲಿ ನಮ್ಮಲ್ಲಿ ನಿಯಮ ತಾನಾಗಿ ಸಡಿಲವಾಯಿತು. ಯಾರೂ ಆದೇಶ ಹೊರಡಿಸಿರಲಿಲ್ಲ. ಒಬ್ಬ ಮಗ ಗೇಟಿನಲ್ಲಿ ಹಟ ಹಿಡಿದು ಕೂತ. ‘ನಂಗೂ ಪಾಸಿಟಿವ್ ಬಂದು ಹೋಗಿದೆ, ನಮ್ಮಮ್ಮಂಗೆ ನೀರ್ ಕುಡಿಸ್ತೀನಿ, ಅಷ್ಟೇ’ ಅಂದ. ಒಬ್ಬರನ್ನು ಬಿಟ್ಟ ಮೇಲೆ ಇನ್ನೊಬ್ಬರನ್ನು ತಡೆಯುವುದು ಹೇಗೆ? ತುಂಬ ಸೀರಿಯಸ್ ಇದ್ದವರಿಗೆ ಒಬ್ಬೊಬ್ಬರು ಅಂತ ಹಿರಿಯರು ಒಪ್ಪಿದರು. ಎನ್95 ಮಾಸ್ಕು, ಗೌನು ಕೊಟ್ಟೆವು. ಹಾಕುವುದು ಹೇಗೆ, ತೆಗೆಯುವುದು ಹೇಗೆ ಅಂತ ಹೇಳಿಕೊಟ್ಟೆವು. ಎರಡೇ ದಿನದಲ್ಲಿ ವಾರ್ಡಿನ ಬಣ್ಣವೇ ಬದಲಾಯಿತು. ಬಾಟಲಿಗಳು ಖಾಲಿಯಾಗತೊಡಗಿದವು. ಒಬ್ಬರಿಂದ ಆಗದ ಕೆಲಸ, ಭಾರದ ರೋಗಿಯನ್ನು ಬೋರಲು ಮಾಡುವುದು, ಈಗ ನಾನು ಮತ್ತು ಅವರ ತಮ್ಮ ಸೇರಿ ಮಾಡುತ್ತಿದ್ದೆವು. ಮಾಸ್ಕು ಕಿತ್ತೆಸೆಯುತ್ತಿದ್ದ ಒಬ್ಬ ಅಮ್ಮ, ಮಗ ಕೈ ಹಿಡಿದು ಕೂತ ಮೇಲೆ ಕಿತ್ತೆಸೆಯುವುದನ್ನು ಬಿಟ್ಟರು. ನಿದ್ದೆ ಇಲ್ಲದೆ, ಹೊತ್ತುಗೊತ್ತು ತಿಳಿಯದೆ ಏನೇನೋ ಮಾತಾಡುತ್ತಿದ್ದ ಮುದುಕರು ಪರಿಚಯದ ದನಿ ಕೇಳಿ ಸಮಾಧಾನವಾದರು.

ಅಪಾಯ ಇತ್ತು, ಇಲ್ಲ ಅನ್ನುವುದಿಲ್ಲ. 18 ದಾಟಿದವರಿಗೆಲ್ಲ ಮೇ 1ರಿಂದ ಲಸಿಕೆ ಅಂತ ಘೋಷಣೆಯಾಗಿತ್ತು, ಡೋಸ್ ಇರಲಿಲ್ಲ. ಆದರೆ ಆ ಮಗ, ಆ ಹೆಂಡತಿ ಅಡ್ಮಿಟ್ ಆಗುವ ಬೆಳಗ್ಗೆಯವರೆಗೂ ಅದೇ ಮನೆಯಲ್ಲಿ, ಅದೇ ರೋಗಿಯ ಪಕ್ಕದಲ್ಲಿ ಮಾಸ್ಕಿಲ್ಲದೆ ಇದ್ದವರು. ಗೇಟಿನಲ್ಲಿ, ಮರದಡಿ, ಫುಟ್‌ಪಾತಿನಲ್ಲಿ ಗುಂಪಾಗಿ ಮಲಗುವುದಕ್ಕಿಂತ ಒಳಗೆ ಎನ್95 ಹಾಕಿಕೊಂಡು ಕೂರುವುದು ಅವರಿಗೂ ವಾಸಿಯಾಗಿತ್ತು ಅಲ್ವಾ? ಇದನ್ನು ಏಪ್ರಿಲಿನಲ್ಲೇ ಮಾಡಬಹುದಿತ್ತು. ಕಡೆಯವರು ಬೇಡವೇ ಬೇಡ ಅನ್ನುವುದಾದರೆ ಅವರ ಕೆಲಸ ಮಾಡುವ ಜನರನ್ನಾದರೂ ತೆಗೆದುಕೊಳ್ಳಬೇಕಿತ್ತು. ಎರಡೂ ಆಗಲಿಲ್ಲ.

ಕೋವಿಡ್ ಆದ ಮೇಲೆ ಆಸ್ಪತ್ರೆಗಳಿಗೆ ಬಹಳಷ್ಟು ಬಂತು. ಪಿಎಂ ಕೇರ್ಸ್ ದುಡ್ಡಿನಲ್ಲಿ ದೇಶದಲ್ಲಿ 1,200ಕ್ಕೂ ಹೆಚ್ಚು ಆಕ್ಸಿಜನ್ ಘಟಕಗಳಾದವು. ವೆಂಟಿಲೇಟರ್, ಮಾನಿಟರ್, ಪೈಪ್‌ಲೈನ್ ಬಂದವು. ಒಳ್ಳೆಯದೇ. ಗುತ್ತಿಗೆ ಮೇಲೆ ತೆಗೆದುಕೊಂಡಿದ್ದ ಎಷ್ಟೋ ನರ್ಸುಗಳನ್ನು, ಸಹಾಯಕರನ್ನು ಮಾತ್ರ ಅಲೆ ಇಳಿದ ಮೇಲೆ ಮನೆಗೆ ಕಳಿಸಿದರು. ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಯ ಹತ್ತಿರ ಕಡೆಯವರಿಗೆ ಧರ್ಮಶಾಲೆ ಇದೆ. ನಾನು ಕೆಲಸ ಮಾಡಿದ ಜಾಗಗಳಲ್ಲಿ ಅವರು ಈಗಲೂ ಪೇಪರ್ ಹಾಸಿಕೊಂಡು ಲಿಫ್ಟಿನ ಮುಂದೆ ಮಲಗುತ್ತಾರೆ. ಮುಂದಿನ ಸಲ ಇಂಥದ್ದು ಬಂದರೆ ಮೊದಲ ವಾರದಲ್ಲೇ ಸೀರಿಯಸ್ ರೋಗಿಗೆ ಒಬ್ಬರಂತೆ ಕಡೆಯವರನ್ನು ಗುರುತಿಸಿ, ಮಾಸ್ಕು ಗೌನು ಕೊಟ್ಟು, ಏನು ಮಾಡಬೇಕು ಅಂತ ಕಲಿಸಿ ಒಳಗೆ ಕರೆದುಕೊಳ್ಳಬೇಕು. ಅದು ಈಗಲೇ ಕಾಗದದ ಮೇಲೆ ಬರಬೇಕು.

ನಾನು ಈಗ ಪಿಜಿ ಮಾಡುತ್ತಿದ್ದೇನೆ. ರಾತ್ರಿ ಡ್ಯೂಟಿಗೆ ಹೋದ ತಕ್ಷಣ ಸೀರಿಯಸ್ ಇರುವವರ ಕಡೆಯವರನ್ನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಉಸಿರು ಎಣಿಸುವುದು, ಆಕ್ಸಿಮೀಟರ್ ನೋಡುವುದು, ಯಾವಾಗ ನನ್ನನ್ನು ಎಬ್ಬಿಸಬೇಕು ಅನ್ನುವುದು ಎಲ್ಲ ಹೇಳಿಕೊಡುತ್ತೇನೆ. ಮೊನ್ನೆ ಹಾಗೆ ಒಬ್ಬ ತಾಯಿಗೆ, ಮಗನನ್ನು ಎಡಮಗ್ಗುಲಿಗೆ ಮಲಗಿಸಿ ಅಂತ ಹೇಳುತ್ತಿದ್ದೆ. ‘ಬ್ಯಾಡ ಡಾಕ್ಟ್ರಮ್ಮ, ಎಡಕ್ಕೆ ತಿರುಗ್ಸಿದ್ರೆ ಅವ್ನಿಗೆ ಕೆಮ್ಮು ಜಾಸ್ತಿ ಆಯ್ತದೆ, ನಿನ್ನೆಯಿಂದ ನೋಡ್ತಿವ್ನಿ’ ಅಂದರು. ಸ್ಟೆತ್ ಇಟ್ಟು ಮತ್ತೆ ಕೇಳಿದೆ, ಎಕ್ಸ್‌ರೇ ತೆಗೆದು ನೋಡಿದೆ. ಆಕೆ ಹೇಳಿದ್ದು ಸರಿ ಇತ್ತು. ಕೇಸ್ ಶೀಟಿನಲ್ಲಿ ‘ಬಲಮಗ್ಗುಲಿಗೆ ಮಲಗಿಸುವುದು, ತಾಯಿ ಹೇಳಿದಂತೆ’ ಅಂತ ಬರೆದು ಸಹಿ ಹಾಕಿದೆ.